ಅರ್ಧ ಇಂಚಿಗೆ ಒಂದು ಎಳೆ

ಕೊಳ್ಳೇಗಾಲ
9 ಜೂನ್ 2025

ಚಿ. ನಿರಂಜನನಿಗೆ,

ಆಶೀರ್ವಾದ ಅರ್ಧ ಕಳಿಸಿದ್ದೇನೆ. ಉಳಿದರ್ಧ ನಿನ್ನ ಉತ್ತರ ನೋಡಿಕೊಂಡು.

ಕಾಗದ ಬಂತೆಂದು ಅಕ್ಕನ ಸಿಟ್ಟು ಇಳಿಯಿತು ಅಂತ ಹಿಗ್ಗಬೇಡ. ಅಪ್ಪನ ಮಗ್ಗವನ್ನು ಬಿಚ್ಚಿ ಮಾರಿ ಹನೂರಿನಲ್ಲಿ ಗ್ಯಾರೇಜು ಇಟ್ಟವನು ನೀನು. ನಿನ್ನ ಜೊತೆ ಮಾತಾಡುವುದಿಲ್ಲ, ಮಾತಾಡಿದರೆ ಅವತ್ತಿಗೇ ನನ್ನ ಮಗ್ಗದಿಂದಲೂ ಏಳುತ್ತೇನೆ, ಮತ್ತೆ ಕೂರುವುದಿಲ್ಲ ಎಂದು ಮಾದಪ್ಪನ ಮೇಲೆ ಆಣೆ ಇಟ್ಟವಳು ನಾನು. ಎರಡೂ ಹಾಗೇ ಇವೆ. ಬರೆಯುವುದಿಲ್ಲ ಅಂತ ಮಾತ್ರ ಆಣೆ ಇಟ್ಟಿರಲಿಲ್ಲ. ಅದಕ್ಕೇ ಈ ಕಾಗದ.

ನಿನ್ನ ಭಾವ ಬಿಟ್ಟುಹೋದ ಓಮ್ನಿ ವ್ಯಾನು ನೆನಪಿದೆಯಲ್ಲ. ಸೀರೆ ಕೊಡುವುದಕ್ಕೂ ರೇಷ್ಮೆ ತರುವುದಕ್ಕೂ ನಾನೇ ಓಡಿಸುತ್ತಿದ್ದೇನೆ. ಹೋದ ವಾರದಿಂದ ಸೀಟಿನ ಕೆಳಗಿಂದ ಟಪಟಪ ಸದ್ದು. ಸೀಟು ಎತ್ತಿ ನೋಡಿದರೆ, ಎಂಜಿನ್ನಿಗೆ ಹೊಗೆ ಕೊಳವೆ ಸೇರುವ ಕಡೆ ಒಂದು ಬೋಲ್ಟು ಬಿದ್ದುಹೋಗಿತ್ತು. ಮನೆಯಲ್ಲಿ ಅಂಥದ್ದೇ ಒಂದು ಸಿಕ್ಕಿತು, ಹಾಕಿದೆ. ಎರಡು ಸುತ್ತು ಕೈಯಲ್ಲೇ ಹೋಯಿತು. ಆಮೇಲೆ ಬಿಗಿ. ಸ್ಪ್ಯಾನರ್ ಹಿಡಿದು ತಿರುಗಿಸಿದೆ, ಇನ್ನೂ ಎರಡು ಸುತ್ತು ಹೋಯಿತು. ಆಮೇಲೆ ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಸುಮ್ಮನೆ ಸುತ್ತತೊಡಗಿತು. ಬಿಗಿಯೂ ಆಗದು, ನಿಲ್ಲದು. ಎಳೆದರೆ ಕೈಗೇ ಬಂತು.

ಆ ಬೋಲ್ಟನ್ನೇ ಇದರ ಜೊತೆ ಕಳಿಸಿದ್ದೇನೆ. ಏನು ಮಾಡಬೇಕು ಎಂದಷ್ಟೇ ಬರೆ. ಬೇರೆ ಪುರಾಣ ಬೇಡ. ರೋಜಾ ಹೆರಿಗೆಗೆ ತವರಿಗೆ ಬರುತ್ತಾಳೆ, ಅವಳನ್ನು ಕಾಮಗೆರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರಲು ಈ ವ್ಯಾನೇ ಗತಿ.

ಮಾತಾಡದ ಅಕ್ಕ,
ಅನಸೂಯಮ್ಮ

*

ಹನೂರು
12 ಜೂನ್ 2025

ಅಕ್ಕನಿಗೆ ನಮಸ್ಕಾರ. ನನ್ನದು ಪೂರ್ತಿ ಇದೆ, ಅರ್ಧ ಮಾಡುವ ಅಭ್ಯಾಸ ನನಗಿಲ್ಲ.

ಪೊಟ್ಟಣ ಬಿಚ್ಚಿದವನು ಹಾಗೇ ಕೂತುಬಿಟ್ಟೆ. ಇದು ಅಪ್ಪನ ಮಗ್ಗದ್ದೇ ಬೋಲ್ಟು, ಮೇಲೆ ಚಿತ್ತಾರ ಎತ್ತುವ ಜಕಾರ್ಡ್ ಪೆಟ್ಟಿಗೆಯನ್ನು ಹಿಡಿದಿದ್ದದ್ದು, ಬಿಚ್ಚಿದಾಗ ನಿನ್ನ ಮನೆಯಲ್ಲೇ ಉಳಿದಿರಬೇಕು. ಮಗ್ಗ ಮಾರಿದ ಪಾಪಿ ನಾನು, ಮಗ್ಗದ ಬೋಲ್ಟನ್ನು ಎಂಜಿನ್ನಿಗೆ ತುರುಕಿದ ಪುಣ್ಯವತಿ ನೀನು. ಇರಲಿ.

ಬೋಲ್ಟಿನ ಸಂದಿಯಲ್ಲಿ ಬೆಳ್ಳಿ ಬಣ್ಣದ ಚೂರು ಮೆತ್ತಿಕೊಂಡಿದೆ, ನೋಡಿದೆಯಾ? ಅದು ನಿನ್ನ ಎಂಜಿನ್ನಿನ ಅಲ್ಯುಮಿನಿಯಂ. ತೂತಿನ ಒಳಗಿದ್ದ ತ್ರೆಡ್ಡನ್ನು, ಅಂದರೆ ಬೋಲ್ಟು ಕಚ್ಚಿಕೊಳ್ಳುವ ಸುತ್ತುಗೆರೆಗಳನ್ನು, ಈ ಬೋಲ್ಟು ಕೆರೆದು ತೆಗೆದುಬಿಟ್ಟಿದೆ. ಮಗ್ಗದ್ದು ಇಂಚಿನ ಕಾಲದ ಬೋಲ್ಟು, ವ್ಯಾನಿನದ್ದು ಮಿಲಿಮೀಟರ್. ದಪ್ಪ ಹೆಚ್ಚುಕಮ್ಮಿ ಒಂದೇ, ಅದಕ್ಕೇ ಎರಡು ಸುತ್ತು ನಂಬಿಸಿ ಒಳಗೆ ಹೋಗುತ್ತದೆ. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವಿನ ದೂರ ಬೇರೆ. ಅದಕ್ಕೆ ಪಿಚ್ ಅನ್ನುತ್ತೇವೆ. ಕೈಯಲ್ಲಿ ಹೋಗದ ಬೋಲ್ಟಿಗೆ ಸ್ಪ್ಯಾನರ್ ಹಾಕಬಾರದು. ಇದನ್ನು ಹನೂರಿನ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಆ ವ್ಯಾನಿಗೆ ಕಂಪನಿಯವರು ಹಾಕುವ ಅಳತೆ ನನಗೆ ಗೊತ್ತು. ಆದರೆ ಭಾವ ಇದ್ದಾಗ ಯಾರ ಕೈಯಲ್ಲಿ ಏನೇನು ಮಾಡಿಸಿದ್ದರೋ, ಊಹೆ ಮಾಡಿ ಕೆಲಸ ಮಾಡುವವನಲ್ಲ ನಾನು. ಪಕ್ಕದ ತೂತಿನ ಬೋಲ್ಟು ಬಿಚ್ಚು. ಅದಕ್ಕೆ ಕಾಡಿಗೆ ಹಚ್ಚಿ ಕಾಗದದ ಮೇಲೆ ಒತ್ತಿ ಉರುಳಿಸು. ಗೆರೆ ಬೀಳುತ್ತದೆ. ಆ ಕಾಗದ ಕಳಿಸು.

ಇನ್ನೊಂದು. ಮಗ್ಗ ಮಾರುತ್ತೇನೆ ಎಂದು ನಾನು ನಿನಗೆ ಮೂರು ಸಲ ಹೇಳಿದ್ದೆ. ನಿನ್ನ ಮಗ್ಗದ ಸದ್ದಿನಲ್ಲಿ ಕೇಳಿಸಲಿಲ್ಲ ಅಂದರೆ ನಾನೇನು ಮಾಡಲಿ?

ಮಾತಾಡಲು ಯಾವಾಗಲೂ ಸಿದ್ಧನಿರುವ,
ನಿರಂಜನ

*

ಕೊಳ್ಳೇಗಾಲ
2 ಜುಲೈ 2025

ನಿರಂಜನನಿಗೆ,

ಮಗ್ಗ ನಿಲ್ಲಿಸಿ ಹೇಳಬೇಕಿತ್ತು.

ಕಾಡಿಗೆಯ ಕಾಗದ ಇದರಲ್ಲಿದೆ. ನೀನು ಒಂದು ಬೋಲ್ಟು ಕೇಳಿದೆ, ನಾನು ಎರಡನ್ನೂ ಒತ್ತಿದ್ದೇನೆ. ಅದೇ ಜಾತಿಯ ಇನ್ನೊಂದು ಮಗ್ಗದ ಬೋಲ್ಟು ನನ್ನ ಹತ್ತಿರ ಇತ್ತು. ಎಳೆ ಎಣಿಸುವ ಭೂತಗನ್ನಡಿಯನ್ನು ಮೇಲಿಟ್ಟು ನಾನೇ ಎಣಿಸಿದೆ. ಸೀರೆಯ ಎಳೆ ಎಣಿಸುವ ಕಣ್ಣಿಗೆ ಇದೇನು ದೊಡ್ಡದು? ಗನ್ನಡಿಯ ಅರ್ಧ ಇಂಚಿನ ಕಿಂಡಿಯಲ್ಲಿ ಮಗ್ಗದ್ದು ಒಂಬತ್ತು, ವ್ಯಾನಿನದ್ದು ಹತ್ತು. ಅರ್ಧ ಇಂಚಿಗೆ ಒಂದೇ ಒಂದು ಎಳೆ ವ್ಯತ್ಯಾಸ. ಇಷ್ಟಕ್ಕೆ ಎಂಜಿನ್ನು ಹಾಳಾಯಿತು ಅಂತ ನೀನು ಬರೆದರೆ ನಾನು ನಂಬಬೇಕೇ? ನಿನ್ನ ಗ್ಯಾರೇಜಿಗೆ ಗಿರಾಕಿ ಬೇಕಾಗಿದೆ, ಅಷ್ಟೇ.

ಯಳಂದೂರಿನಿಂದ ಅಳಿಯಂದಿರು ಉಮೇಶ್ ಬಂದಿದ್ದರು. ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ, ನೀರಿನ ಪೈಪಿಗೆ ಮೆತ್ತುತ್ತಾರಲ್ಲ ಆ ಅಂಟನ್ನು ತೂತಿಗೆ ತುಂಬಿ, ಹೊಸ ಬೋಲ್ಟು ಒತ್ತಿ ಒಣಗಲು ಬಿಟ್ಟರು. ಬೆಳಿಗ್ಗೆ ಕಲ್ಲಾಗಿತ್ತು. ಸದ್ದು ನಿಂತಿದೆ. ಆದ್ದರಿಂದ ನಿನ್ನ ಉಪಕಾರ ಬೇಕಾಗಿಲ್ಲ. ಒತ್ತಿದ ಕಾಗದ ಹಾಳು ಮಾಡುವುದೇಕೆ ಅಂತ ಕಳಿಸಿದ್ದೇನೆ.

ಅನಸೂಯಮ್ಮ

*

ಹನೂರು
5 ಜುಲೈ 2025

ಅಕ್ಕ,

ಅರ್ಧ ಇಂಚಿಗೆ ಒಂದು ಎಳೆ ಕಡಿಮೆ ಬಿತ್ತು ಎಂದು ನಾನು ನೇಯ್ದ ಸೆರಗನ್ನು ಪೂರ್ತಿ ಬಿಚ್ಚಿಸಿದವಳು ಯಾರು? ನೀನೇ. ಅಪ್ಪ ಬೇಡ ಬಿಡು ಅಂದರೂ ಬಿಡಲಿಲ್ಲ. ಈಗ ಎಂಜಿನ್ನಿಗೆ ಬಂದಾಗ ಒಂದೇ ಎಳೆ ಅನ್ನುತ್ತೀಯಲ್ಲ, ನ್ಯಾಯವೇ ಇದು?

ನಿನ್ನ ಲೆಕ್ಕ ಸರಿಯಾಗಿದೆ. ನನ್ನ ಹತ್ತಿರ ಪಿಚ್ ಗೇಜ್ ಅಂತ ಇದೆ, ನಮ್ಮ ಹಣಿಗೆಯ ಹಾಗೆ ಹಲ್ಲು ಹಲ್ಲಿನ ತಗಡುಗಳು. ಕಾಡಿಗೆ ಗೆರೆಯ ಮೇಲೆ ಇಟ್ಟು ನೋಡಿದೆ. ವ್ಯಾನಿನದ್ದು ಒಂದೂಕಾಲು ಮಿಲಿಮೀಟರ್, ಕಂಪನಿಯ ಅಳತೆಯೇ. ಅಲ್ಲಿಗೆ ನನ್ನ ಅನುಮಾನ ಮುಗಿಯಿತು. ಎಣಿಸುವುದು ನಿನಗೆ ಬರುತ್ತದೆ, ಎಣಿಸಿದ್ದನ್ನು ಒಪ್ಪುವುದು ಬರುವುದಿಲ್ಲ.

ಅಳಿಯಂದಿರಿಗೆ ದೂರದಿಂದಲೇ ನಮಸ್ಕಾರ. ಆ ಅಂಟು ನೀರಿನ ಪೈಪಿಗೆ, ಬೆಂಕಿಯ ಬಾಯಿಗಲ್ಲ. ಎಂಜಿನ್ನು ಕಾದಾಗ ಪುಡಿಯಾಗಿ ಉದುರುತ್ತದೆ. ಇಲ್ಲಿಗೆ ಬರುವ ತಮಿಳು ಡ್ರೈವರುಗಳು ತ್ರೆಡ್ಡಿಗೆ ಮರೈ ಅನ್ನುತ್ತಾರೆ. ಬುದ್ಧಿ ಕೆಟ್ಟವನನ್ನು ಕಂಡರೆ ಮರೈ ಕಳಚಿದವನು ಎಂದು ನಗುತ್ತಾರೆ. ನಮ್ಮ ಮನೆತನದಲ್ಲಿ ಯಾರ ಮರೈ ನೆಟ್ಟಗಿದೆ ಎಂದು ನಾನು ಯೋಚಿಸುತ್ತಿದ್ದೇನೆ.

ವ್ಯಾನು ತಗೊಂಡು ಬಾ. ಅಥವಾ ನಾನೇ ಬಂದು ಒಯ್ಯುತ್ತೇನೆ, ಹೊಸಿಲು ದಾಟುವುದಿಲ್ಲ, ಬೀದಿಯಲ್ಲೇ ನಿಲ್ಲುತ್ತೇನೆ. ಈ ಕಾಗದ ತರುವ ಬಸ್ಸಿನ ಕಂಡಕ್ಟರ್ ಚಿನ್ನಸ್ವಾಮಿ ಇವತ್ತು ನನ್ನ ಮುಖ ನೋಡಿ, "ಅಕ್ಕ ತಮ್ಮ ಇಬ್ರ ಜೇಬ್ನಲ್ಲೂ ಪೋನ್ ಮಡಿಕಂಡು ನನ್ನ ಯಾಕಪ್ಪ ಪೋಸ್ಟ್‌ಮನ್ ಮಾಡ್ಕಂಡಿದ್ದೀರಿ" ಅಂದ.

ನಿರಂಜನ

*

ಕೊಳ್ಳೇಗಾಲ
11 ಆಗಸ್ಟ್ 2025

ನಿರಂಜನನಿಗೆ,

ಒಂದು ತಿಂಗಳು ವ್ಯಾನು ಸುಸೂತ್ರವಾಗಿ ಓಡಿತು. ಇದನ್ನು ನಿನ್ನ ಹೊಟ್ಟೆ ಉರಿಸಲೆಂದೇ ಬರೆಯುತ್ತಿದ್ದೇನೆ. ಈಗ ಮತ್ತೆ ಸಣ್ಣಗೆ ಟಪಟಪ ಅನ್ನುತ್ತಿದೆ, ಅದು ಬೇರೆ ಮಾತು.

ರೋಜಾ ಬಂದಿದ್ದಾಳೆ. ಏಳು ತುಂಬಿತು. ಕಾಮಗೆರೆಗೆ ಎರಡು ಸಲ ತೋರಿಸಿಕೊಂಡು ಬಂದೆವು. ಮಗು ಚೆನ್ನಾಗಿದೆಯಂತೆ. ಆದರೆ ಈ ಹುಡುಗಿಗೆ ವ್ಯಾನು ಹತ್ತಿದರೆ ಸಾಕು ತಲೆನೋವು, ತಲೆಸುತ್ತು, ವಾಂತಿ. ಮುಂದಿನ ಸೀಟಿನಲ್ಲಿ ನನ್ನ ಪಕ್ಕದಲ್ಲೇ ಕೂರಿಸಿಕೊಳ್ಳುತ್ತೇನೆ. ಮಳೆಗಾಳಿ ತಾಗಬಾರದೆಂದು ಗಾಜು ಏರಿಸಿರುತ್ತೇನೆ. ಆದರೂ ಒಂದೇ ಗೋಳು. ಇಳಿದು ಅರ್ಧ ಗಂಟೆ ಕೂತರೆ ಸರಿಹೋಗುತ್ತಾಳೆ. ಈ ಕಾಲದವರಿಗೆ ಬಸುರು ಅಂದರೆ ನಾಜೂಕು. ನಾನು ಇವಳನ್ನು ಹೊತ್ತಿದ್ದಾಗ ಹೆರುವ ಹಿಂದಿನ ದಿನದವರೆಗೂ ಲಾಳಿ ಎಸೆದಿದ್ದೆ.

ಅವಳ ಮಗುವಿನ ತೊಟ್ಟಿಲು ಶಾಸ್ತ್ರಕ್ಕೆ ಅವಳು ಉಡಲೆಂದು ಮಗ್ಗಕ್ಕೆ ಒಂದು ಸೀರೆ ಏರಿಸಿದ್ದೇನೆ. ಹಸಿರು ಒಡಲು, ಅರಿಶಿನ ಅಂಚು. ಮಾವ ಬರುವುದಿಲ್ಲವಾ ಎಂದು ಅವಳು ದಿನಾ ಕೇಳುತ್ತಾಳೆ. ನಾನು ಉತ್ತರ ಕೊಟ್ಟಿಲ್ಲ.

ಅನಸೂಯಮ್ಮ

*

ಹನೂರು
12 ಆಗಸ್ಟ್ 2025

ಅಕ್ಕ,

ರೋಜಾಗೆ ಈಗ ತಾನೇ ಫೋನ್ ಮಾಡಿದೆ. ಫೋನು ನಿನ್ನ ಕೈಗೆ ಕೊಡು ಅಂದರೆ ನೀನು ಅಡುಗೆಮನೆಗೆ ಹೊರಟುಹೋದೆಯಂತೆ. ನನ್ನ ಸಿಟ್ಟು ನೆತ್ತಿಗೇರಿದೆ. ಆದರೂ ಬರೆಯುತ್ತೇನೆ, ಯಾಕೆ ಎಂದು ನಿನಗೆ ತಿಳಿಯಬೇಕು.

ಅದು ಬಸುರಿನ ತಲೆಸುತ್ತಲ್ಲ. ಆ ವ್ಯಾನಿನಲ್ಲಿ ಎಂಜಿನ್ನು ಇರುವುದೇ ಮುಂದಿನ ಸೀಟಿನ ಕೆಳಗೆ. ಅಂಟು ಉದುರಿ ಬೋಲ್ಟು ಸಡಿಲವಾಗಿದೆ, ಆ ಸಂದಿಯಿಂದ ಸುಟ್ಟ ಹೊಗೆ ಒಳಕ್ಕೆ ಬರುತ್ತಿದೆ. ಅದರಲ್ಲಿ ವಾಸನೆಯಿಲ್ಲದ ವಿಷವೂ ಇರುತ್ತದೆ. ನೀನು ಗಾಜು ಏರಿಸಿ, ಬಸುರಿಯನ್ನು ಅದರ ಮೇಲೆಯೇ ಕೂರಿಸಿಕೊಂಡು ಕಾಮಗೆರೆಗೆ ಹೋಗಿ ಬರುತ್ತಿದ್ದೀಯ. ಅವಳಿಗೂ ಕೆಟ್ಟದ್ದು, ಮಗುವಿಗೂ ಕೆಟ್ಟದ್ದು, ನಿನಗೂ ಕೆಟ್ಟದ್ದು.

ವ್ಯಾನು ಸ್ಟಾರ್ಟ್ ಮಾಡಬೇಡ. ರೋಜಾಳನ್ನು ನಾಳೆಯೇ ಆಟೋದಲ್ಲಿ ಡಾಕ್ಟರ ಹತ್ತಿರ ಕಳಿಸು, ಹೊಗೆಯ ವಿಷಯ ಬಾಯಿಬಿಟ್ಟು ಹೇಳಲಿ. ನಿನ್ನ ಆಣೆ ನಿನಗಿರಲಿ, ಅವಳ ಜೀವದ ಮೇಲೆ ಆಣೆ ಇಡುವ ಹಕ್ಕು ನಿನಗಿಲ್ಲ.

ನಿರಂಜನ

*

ಕೊಳ್ಳೇಗಾಲ
16 ಆಗಸ್ಟ್ 2025

ನಿರಂಜನನಿಗೆ,

ಡಾಕ್ಟರು ನೋಡಿದರು. ಇಬ್ಬರಿಗೂ ಏನೂ ಆಗಿಲ್ಲ, ಸರಿ ಮಾಡಿಸುವವರೆಗೆ ಆ ವ್ಯಾನು ಹತ್ತಿಸಬೇಡಿ ಅಂದರು. ವ್ಯಾನಿನ ಕೀಲಿ ಎತ್ತಿಟ್ಟಿದ್ದೇನೆ.

ಬುಧವಾರ ಟಾಟಾ ಏಸ್‌ಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬರುತ್ತೇನೆ. ಸ್ಟೇರಿಂಗ್ ನಾನೇ ಹಿಡಿಯುತ್ತೇನೆ. ಕೆಲಸ ಮುಗಿಯುವವರೆಗೂ ಅಲ್ಲೇ ಕೂತು ನೋಡುತ್ತೇನೆ. ಮಾತು ಮಾತ್ರ ಇಲ್ಲ.

ಅನಸೂಯಮ್ಮ

*

ಹನೂರು
22 ಆಗಸ್ಟ್ 2025

ಪ್ರೀತಿಯ ಅಕ್ಕನಿಗೆ,

ಇವತ್ತು ಎರಡು ನಮಸ್ಕಾರ. ಒಂದು ರೂಢಿಯದ್ದು, ಒಂದು ಗೆದ್ದದ್ದಕ್ಕೆ.

ಬುಧವಾರ ನಿನ್ನ ಮುಖ ನೀನು ನೋಡಿಕೊಳ್ಳಬೇಕಿತ್ತು. ಮೂರು ವರ್ಷದ ಮೇಲೆ ತಮ್ಮನ ಅಂಗಡಿಗೆ ಬಂದವಳು ಕುರ್ಚಿ ಕೊಟ್ಟರೆ ಸೆರಗಿನಲ್ಲಿ ಒರೆಸಿ ಕೂತೆ, ಕಾಫಿ ಕೊಟ್ಟರೆ ಮೂಸಿ ಕುಡಿದೆ. ನಾನು ಕೆಲಸದ ಗುಂಡಿಗೆ ಇಳಿದಾಗ ಮಾತ್ರ ಸಣ್ಣಗೆ ನಕ್ಕೆ, ನೋಡಿದೆ. ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿ ಬಿಟ್ಟವನು ಮತ್ತೆ ಗುಂಡಿಗೇ ಬಿದ್ದ ಎಂದು ತಾನೇ?

ನೀನು ಬಾಯಿ ಬಿಡದಿದ್ದರಿಂದ ಇಬ್ಬರ ಪಾಲಿನ ಮಾತನ್ನೂ ನಾನೇ ಆಡುತ್ತಿದ್ದೆ. ಹಳೆಯ ತೂತನ್ನು ಸ್ವಲ್ಪ ದೊಡ್ಡದಾಗಿ ಕೊರೆಯುವುದು, ಟ್ಯಾಪು ಅನ್ನುವ ಹಲ್ಲಿನ ಉಕ್ಕಿನ ಕಡ್ಡಿ ಹಾಕಿ ಹೊಸ ತ್ರೆಡ್ಡು ಕತ್ತರಿಸುವುದು, ಅದರೊಳಕ್ಕೆ ಸ್ಪ್ರಿಂಗಿನಂಥ ಉಕ್ಕಿನ ಸುರುಳಿ ಕೂರಿಸುವುದು, ಆಮೇಲೆ ಕಂಪನಿಯ ಅಳತೆಯ ಬೋಲ್ಟೇ ಅದರಲ್ಲಿ ಹಿಡಿಯುವುದು, ಎಲ್ಲ ವಿವರಿಸಿದೆ. ಚೂರು ಒಳಗೆ ಬೀಳದಿರಲೆಂದು ಟ್ಯಾಪಿಗೆ ಗ್ರೀಸು ಮೆತ್ತಿದ್ದನ್ನೂ ಹೇಳಿದೆ. ನೀನು ಹೂಂ ಕೂಡ ಅನ್ನಲಿಲ್ಲ. ಅದಕ್ಕೆ, ಗುಂಡಿಯಿಂದ ಮೇಲೆ ಬಂದು ಸೀಟು ಎತ್ತಿ, ಟ್ಯಾಪು ಇಟ್ಟು ಅರ್ಧ ಸುತ್ತು ತಿರುಗಿಸುತ್ತಾ ಅಮ್ಮನ ಕಾಲದ ಕಥೆ ಶುರು ಮಾಡಿದೆ. ಮೂಲೆಮಟ್ಟ ಇಟ್ಟು ನೆಟ್ಟಗಿದೆಯಾ ಎಂದು ನೋಡುವುದನ್ನು ಮರೆತೆ. ಬೈದುಕೋ, ಮಾತಿನ ಭರದಲ್ಲಿ ಮರೆತೆ.

ಆಗ ನೀನು ಕುರ್ಚಿಯಿಂದ ಎದ್ದು ಬಂದೆ.

"ಲೇ ನಿರಂಜನ, ಓರೆ ಓಯ್ತಾ ಅದೆ ಕಣ್ಲಾ, ನಿಲ್ಸು."

ನಿಲ್ಲಿಸಿ ಮಟ್ಟ ಇಟ್ಟು ನೋಡಿದರೆ ನಿಜವಾಗಿಯೂ ಓರೆ. ಇನ್ನೆರಡು ಸುತ್ತು ಹೋಗಿದ್ದರೆ ಬೋಲ್ಟು ವಾಲಿ ಕೂರುತ್ತಿತ್ತು, ಮತ್ತೆ ಹೊಗೆ ಸೋರುತ್ತಿತ್ತು. ಟ್ಯಾಪು ತೆಗೆದು ನೆಟ್ಟಗೆ ಇಟ್ಟು ಮೊದಲಿನಿಂದ ಮಾಡಿದೆ. ಸುರುಳಿ ಚೆನ್ನಾಗಿ ಕೂತಿದೆ. ಸಂಜೆ ಗಾಜು ಏರಿಸಿ, ಎಂಜಿನ್ನು ಕಾಯಿಸಿ, ನಾನೇ ಬಗ್ಗಿ ಜಾಯಿಂಟಿನ ಸುತ್ತ ಸೋಪಿನ ನೀರು ಬಿಟ್ಟು ನೋಡಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಧೈರ್ಯವಾಗಿ ರೋಜಾಳನ್ನು ಕೂರಿಸು.

ಹೋಗುವಾಗ ನೀನು ಮತ್ತೆ ತುಟಿ ಬಿಗಿದುಕೊಂಡು ಹೋದೆ. ಆದರೆ ಆಣೆ ಮುರಿದಾಯಿತಲ್ಲ. ಇನ್ನು ಫೋನ್ ಎತ್ತು ಮಹಾತಾಯಿ.

ಗೆದ್ದ ತಮ್ಮ,
ನಿರಂಜನ

*

ಹನೂರು
30 ಸೆಪ್ಟೆಂಬರ್ 2025

ಅಕ್ಕ,

ಕಾಗದವೂ ಇಲ್ಲ, ಫೋನೂ ಇಲ್ಲ. ಚಿನ್ನಸ್ವಾಮಿ ಬಸ್ಸು ನಿಲ್ಲಿಸದೆಯೇ ಕೈಯಾಡಿಸಿಕೊಂಡು ಹೋಗುತ್ತಿದ್ದಾನೆ.

ನಿನ್ನೆ ರೋಜಾ ಹೇಳಿದಳು. ಹನೂರಿನಿಂದ ಬಂದ ದಿನವೇ ನೀನು ಮಗ್ಗದ ಮೇಲೆ ಬಟ್ಟೆ ಮುಚ್ಚಿದೆಯಂತೆ. ಮತ್ತೆ ಕೂತಿಲ್ಲವಂತೆ. ಯಾಕೆಂದು ಕೇಳಿದರೆ ಸೊಂಟ ನೋವು ಅನ್ನುತ್ತೀಯಂತೆ. ಆಗ ನಿನ್ನ ಆಣೆಯ ಇನ್ನರ್ಧ ನನಗೆ ನೆನಪಾಯಿತು. ಅಲ್ಲಿಯವರೆಗೆ ಗೆದ್ದೆ ಗೆದ್ದೆ ಎಂದು ಕುಣಿಯುತ್ತಿದ್ದೆ.

ಇದೆಂಥ ಹಟ ಅಕ್ಕ? ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲಿ ಬೆಳೆದವಳು ನೀನು, ಅದಿಲ್ಲದೆ ನಿನಗೆ ಊಟ ಸೇರುವುದಿಲ್ಲ. ಜನ ಆಣೆ ತಪ್ಪುವುದಿಲ್ಲವೇ? ಬೆಟ್ಟಕ್ಕೆ ಹೋಗಿ ತಪ್ಪುಕಾಣಿಕೆ ಹಾಕಿದರೆ ಮಾದಪ್ಪ ಬಿಡುತ್ತಾನೆ. ಬಾ, ನಾನೇ ಕರೆದುಕೊಂಡು ಹೋಗುತ್ತೇನೆ. ನೀನು ಹೀಗೆ ಕೈಕಟ್ಟಿ ಕೂತಿದ್ದೀಯ ಅಂತ ನೆನೆದರೆ ನನಗೆ ಸ್ಪ್ಯಾನರ್ ಹಿಡಿಯಲು ಆಗುತ್ತಿಲ್ಲ.

ನಿರಂಜನ

*

ಕೊಳ್ಳೇಗಾಲ
28 ಅಕ್ಟೋಬರ್ 2025

ಚಿ. ನಿರಂಜನನಿಗೆ ಪೂರ್ತಿ ಆಶೀರ್ವಾದ.

ರೋಜಾಗೆ ಹೆಣ್ಣು ಮಗು. ನೋವು ಬಂದಾಗ ಅಳಿಯಂದಿರು ಯಳಂದೂರಿನಲ್ಲಿದ್ದರು. ನಾನೇ ವ್ಯಾನಿನಲ್ಲಿ ಕೂರಿಸಿಕೊಂಡು ಕಾಮಗೆರೆಗೆ ಹೋದೆ. ದಾರಿಯುದ್ದಕ್ಕೂ ಅವಳು ನನಗೆ ಬೈಯುತ್ತಾ ಬಂದಳು, ಆದರೆ ತಲೆಸುತ್ತು ಅನ್ನಲಿಲ್ಲ. ಟಪಟಪ ಇಲ್ಲ, ಹೊಗೆ ಇಲ್ಲ. ತಾಯಿ ಮಗು ಮನೆಗೆ ಬಂದಿದ್ದಾರೆ. ಮಗುವಿನ ಮೂಗು ನಮ್ಮ ಅಮ್ಮನದ್ದು.

ನೀನು ಬರೆದದ್ದು ಓದಿದೆ. ತಪ್ಪುಕಾಣಿಕೆ ಹಾಕಿದರೆ ಮಾದಪ್ಪ ಬಿಡುತ್ತಾನೆ, ನನಗೂ ಗೊತ್ತು. ಬಾಣಂತಿಯನ್ನು ಬಿಟ್ಟು ಈಗ ಬೆಟ್ಟ ಹತ್ತಲು ಆಗುವುದಿಲ್ಲ. ಅವಳು ಎದ್ದು ಓಡಾಡುವಂತಾದ ಮೇಲೆ ಹೋಗೋಣ, ನೀನೇ ಕರೆದುಕೊಂಡು ಹೋಗು. ಅಲ್ಲಿಯವರೆಗೆ ನಾನು ಮಗ್ಗ ಮುಟ್ಟುವುದಿಲ್ಲ. ದೇವರ ಹತ್ತಿರ ಸಾಲದ ಮೇಲೆ ನೇಯುವವಳಲ್ಲ ನಾನು.

ಆದರೆ ತೊಟ್ಟಿಲು ಶಾಸ್ತ್ರ ಕಾಯುವುದಿಲ್ಲ. ಹಸಿರು ಸೀರೆ ಅರ್ಧಕ್ಕೆ ನಿಂತಿದೆ, ಸೆರಗು ಪೂರ್ತಿ ಬಾಕಿ. ಬೇರೆಯವರ ಕೈಗೆ ಕೊಡಲು ನನಗೆ ಮನಸ್ಸಿಲ್ಲ. ಅಪ್ಪ ಕಲಿಸಿದ ಕೈ ಈ ಮನೆಯಲ್ಲಿ ಇನ್ನು ನಿನ್ನದೊಂದೇ. ಭಾನುವಾರ ಬಾ. ಉಗುರಿನ ಸಂದಿಯ ಗ್ರೀಸು ಸೀಗೆಪುಡಿ ಹಾಕಿ ತಿಕ್ಕಿಕೊಂಡು ಬಾ. ನೀನು ಕೂತು ನೇಯಿ, ನಾನು ಪಕ್ಕದಲ್ಲಿ ನಿಂತು ಎಣಿಸುತ್ತೇನೆ. ಎಳೆ ತಪ್ಪಿದರೆ ಬಿಚ್ಚಿಸುತ್ತೇನೆ, ಈಗಲೇ ಹೇಳಿಬಿಟ್ಟಿದ್ದೇನೆ.

ಗೆದ್ದೆ ಎಂದು ಬರೆದೆಯಲ್ಲ, ಅದಕ್ಕೆ ಉತ್ತರ. ಅವತ್ತು ಬಾಯಿ ತಪ್ಪಿ ಬಂತು ಎಂದು ಬರೆಯೋಣ ಅಂದುಕೊಂಡೆ. ರೋಜಾಗೋಸ್ಕರ ಎಂದು ಬರೆಯೋಣ ಅಂದುಕೊಂಡೆ. ಎರಡೂ ಸುಳ್ಳು. ಟ್ಯಾಪು ವಾಲಿದ್ದು ಕಂಡಾಗ ಮೊದಲು ನೆನಪಾದದ್ದೇ ಆಣೆ. ಎದ್ದು ಬಂದು ನಿನ್ನ ಕೈ ಹಿಡಿದು ನಿಲ್ಲಿಸಿದ್ದರೂ ಸಾಕಿತ್ತು, ಮಾತು ಬೇಕಿರಲಿಲ್ಲ. ನನಗೆ ನಿನ್ನ ಜೊತೆ ಮಾತಾಡಬೇಕಿತ್ತು ಕಣೋ.

ನಿನ್ನ ಅಕ್ಕ,
ಅನಸೂಯಾ